ನಲವತ್ತಮೂರು ಪಾಲು

ಸೋಮವಾರ ಮಧ್ಯಾಹ್ನ ಶರ್ವರಿಗೆ ಬಂದ ಇಮೇಲು ಸಂಜೆಯ ಚಹಾದ ಹೊತ್ತಿಗೆ ಅವಳ ಮನೆಯಲ್ಲಿ ಫೈಲಾಗಿತ್ತು.

ಅದು ಆ ಮನೆಯ ಪದ್ಧತಿ. ಅವಳ ಮುತ್ತಜ್ಜ ಬೀದರ್ ಕಡೆಯಿಂದ ಹೈದರಾಬಾದಿಗೆ ಬಂದು ನಿಜಾಮರ ಕಾಲದ ಕಚೇರಿಯೊಂದರಲ್ಲಿ ಗುಮಾಸ್ತರಾದರು. ಅಜ್ಜ ಕಂದಾಯ ಇಲಾಖೆಯಲ್ಲಿದ್ದರು. ತಂದೆ ದತ್ತಾತ್ರೇಯರು ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ದೊಡ್ಡ ವಿಷಯವನ್ನು ಬರೀ ಬಾಯಿಮಾತಿನಲ್ಲಿ ತೀರ್ಮಾನಿಸುವುದು ಅವರಿಗೆ ಒಗ್ಗುತ್ತಿರಲಿಲ್ಲ. ಕೂಕಟ್‌ಪಲ್ಲಿಯ ಈ ಫ್ಲ್ಯಾಟ್ ಕೊಳ್ಳುವಾಗ ಒಂದು ಫೈಲು ತೆರೆದಿದ್ದರು. ಅಡಿಗೆಮನೆಗೆ ಚಿಮಣಿ ಬೇಕೋ ಬೇಡವೋ ಎಂಬುದಕ್ಕೂ ಒಂದು ಫೈಲು ಇತ್ತು. ಅದು ಎರಡು ವರ್ಷದಿಂದ ಪರಿಶೀಲನೆಯಲ್ಲಿತ್ತು. ಹಳದಿ ರಟ್ಟು, ಬಿಳಿ ದಾರ, ಒಳಗೆ ಅಂಚು ಬಿಟ್ಟು ಗೆರೆ ಎಳೆದ ಹಾಳೆ. ಮನೆಯವರು ಒಬ್ಬೊಬ್ಬರಾಗಿ ಅಭಿಪ್ರಾಯ ಬರೆದು ಸಹಿ ಮಾಡಬೇಕು. ಯಾರ ವಿಷಯವೋ ಅವರು ಮಾತ್ರ ಬರೆಯುವಂತಿಲ್ಲ; ಕೇಳಿದರೆ ವಿವರಣೆ ಕೊಡಬಹುದು.

ಈ ಸಲದ ಫೈಲಿನ ಮೇಲೆ ಅವರು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ‘ವಿಷಯ: ಡಾ. ಶರ್ವರಿ ಇವರು ಎಂ.ಡಿ. ಜೊತೆಗೆ ಪಿಎಚ್.ಡಿ.ಯನ್ನೂ ಮಾಡುವ ಕುರಿತು.’

ಶರ್ವರಿಗೆ ಇಪ್ಪತ್ತೈದು ವರ್ಷ. ಎಂಬಿಬಿಎಸ್ ಮುಗಿಸಿ, ಮಿಯಾಪುರದ ಕಡೆಯ ಬಡವರ ಬಸ್ತಿಯೊಂದರ ಸರ್ಕಾರಿ ದವಾಖಾನೆಯಲ್ಲಿ ಒಂದು ವರ್ಷದಿಂದ ಡಾಕ್ಟರಾಗಿದ್ದಳು. ಅದರ ಜೊತೆಗೇ ಪ್ರವೇಶ ಪರೀಕ್ಷೆಗೆ ಓದಿ, ನಗರದ ಹಳೆಯ ಕಾಲೇಜೊಂದರಲ್ಲಿ ಮೂರು ವರ್ಷದ ಎಂ.ಡಿ. ಸೀಟು ಗಿಟ್ಟಿಸಿದ್ದಳು. ಅದಾದ ಮೇಲೆ, ಬರಲಿಕ್ಕಿಲ್ಲ ಎಂದುಕೊಂಡೇ ಸಂದರ್ಶನ ಕೊಟ್ಟಿದ್ದ ಸಂಶೋಧನಾ ಸಂಸ್ಥೆಯಿಂದ ಈ ಇಮೇಲು ಬಂತು. ಅಲ್ಲಿ ಎಂ.ಡಿ.ಯೂ ಪಿಎಚ್.ಡಿ.ಯೂ ಒಟ್ಟಿಗೆ, ಕನಿಷ್ಠ ಆರು ವರ್ಷ. ಒಪ್ಪಿಗೆಯಾದರೆ ಹತ್ತು ದಿನದೊಳಗೆ ತಿಳಿಸಬೇಕು. ಅಷ್ಟರೊಳಗೆ ಹಳೆಯ ಕಾಲೇಜಿನ ಸೀಟನ್ನು ಲಿಖಿತವಾಗಿ ಬಿಟ್ಟುಕೊಡಬೇಕು. ಒಮ್ಮೆ ಬಿಟ್ಟರೆ ಅದು ಮುಂದಿನ ಹೆಸರಿಗೆ ಹೋಗುತ್ತದೆ, ತಿರುಗಿ ಬರುವುದಿಲ್ಲ.

ಅವಳಿಗೆ ಎರಡೂ ಬೇಕೆನ್ನಿಸುತ್ತಿತ್ತು, ಎರಡೂ ಹೆದರಿಸುತ್ತಿದ್ದವು. ರೋಗಿಗಳೆಂದರೆ ಅವಳಿಗೆ ಇಷ್ಟ. ದಿನಕ್ಕೆ ಎಂಬತ್ತು ಜನರನ್ನು ನೋಡಿ ಎದ್ದಾಗ ಕಾಲು ನೋಯುತ್ತಿತ್ತೇ ಹೊರತು ಬೇಸರವಾಗುತ್ತಿರಲಿಲ್ಲ. ಆರು ವರ್ಷ ಪ್ರಯೋಗಾಲಯಕ್ಕೂ ವಾರ್ಡಿಗೂ ಓಡಾಡಿ ಕೊನೆಗೆ ಅತ್ತ ಪೂರ್ತಿ ಡಾಕ್ಟರೂ ಅಲ್ಲ, ಇತ್ತ ಪೂರ್ತಿ ವಿಜ್ಞಾನಿಯೂ ಅಲ್ಲ ಎಂದಾದರೆ ಏನು ಗತಿ ಎಂಬುದು ಅವಳ ಭಯ. ಆದರೆ ಈ ಭಯವನ್ನು ಬರೆಯಲು ಫೈಲಿನಲ್ಲಿ ಅವಳಿಗೆ ಜಾಗವಿರಲಿಲ್ಲ.

ಮೊದಲು ಬರೆದವರು ತಾಯಿ ಮಂದಾಕಿನಿ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಕೈ. ‘25 + 6 = 31. ಕನಿಷ್ಠ ಎಂಬ ಪದ ಗಮನಿಸಿ. ಎಂ.ಡಿ. ಒಂದೇ ಸಾಕು’ ಎಂದು ಬರೆದು, 31ರ ಕೆಳಗೆ ಎರಡು ಗೆರೆ ಎಳೆದಿದ್ದರು. ಮೂವತ್ತೊಂದು ಎಂಬುದು ಬರೀ ವಯಸ್ಸಿನ ಲೆಕ್ಕವಲ್ಲ, ಪುಣೆಯಿಂದಲೂ ಕಲಬುರಗಿಯಿಂದಲೂ ಬರುತ್ತಿದ್ದ ವರಗಳ ಲೆಕ್ಕವೂ ಹೌದು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಫೈಲು ಆಮೇಲೆ ಸುಶಾಂತನಿಗೆ ಹೋಯಿತು. ಅವನು ಶರ್ವರಿಯ ದೊಡ್ಡಪ್ಪನ ಮಗ, ಇವರ ಮನೆಯಲ್ಲೇ ಇದ್ದವನು; ಮಾದಾಪುರದ ಒಂದು ಕಂಪನಿಯಲ್ಲಿ ಕೆಲಸ. ಅದಕ್ಕೂ ಮೊದಲು ರಸಾಯನಶಾಸ್ತ್ರದಲ್ಲಿ ಏಳು ವರ್ಷ ಪಿಎಚ್.ಡಿ. ಮಾಡಿದವನು. ಮನೆಯಲ್ಲಿ ಈ ವಿಷಯದ ಮೇಲೆ ಅಧಿಕಾರದಿಂದ ಮಾತಾಡಬಲ್ಲವನು ಅವನೊಬ್ಬನೇ. ಅವನು ‘ನೋಡಿದೆ’ ಎಂದಷ್ಟೇ ಬರೆದು ಸಹಿ ಹಾಕಿದ. ಅದು ಅಭಿಪ್ರಾಯವೇ ಅಲ್ಲ ಎಂದು ದತ್ತಾತ್ರೇಯರು ಫೈಲನ್ನು ಹಿಂದಿರುಗಿಸಿದಾಗ, ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಶರ್ವರಿಯ ಹತ್ತಿರ ಬಂದು ನಿಂತ.

“ನಾ ಬರಿಯೋದು ಏನದ, ಶರೂ? ನನ್ನ ಅಂದಾಜು ತಪ್ಪು ಅಂತ ತಿಳೀಲಿಕ್ಕೆ ನನಗ ನಾಕು ವರ್ಷ ಹಿಡೀತು. ಗೊತ್ತಾದ ದಿನ ಯಾರಿಗೂ ಮುಖ ತೋರಿಸಲಾರದ ಹಂಗ ಆಗಿತ್ತು. ಲ್ಯಾಬಿನಾಗ ನನ್ನ ಬಾಜೂಕ ಒಬ್ಬಾಕಿ ಇದ್ಲು, ಆಕಿದೂ ತಪ್ಪಾತು. ಆಕಿ ಏನ್ ಮಾಡಿದ್ಲು ಗೊತ್ತೇನು? ಕುಣದಾಡಿದ್ಲು. ‘ಹಂಗಾದ್ರ ಖರೇ ಏನು’ ಅಂತ ಅವತ್ತೇ ಶುರು ಹಚ್ಚಿಕೊಂಡ್ಲು. ನೀ ಯಾರ ಹಂಗ ಅನ್ನೋದು ನನಗ್ಹೆಂಗ ಗೊತ್ತಾಗಬೇಕು?”

ಶರ್ವರಿಗೂ ಗೊತ್ತಿರಲಿಲ್ಲ. ಪರೀಕ್ಷೆಗಳಲ್ಲಿ ತಪ್ಪಾದಾಗ ಅವಳು ಅತ್ತಿದ್ದೇ ಹೆಚ್ಚು.

ಮರುದಿನ ಮಂಗಳವಾರ, ದವಾಖಾನೆಯಲ್ಲಿ ಹಳೆಯದೊಂದು ಕೆಲಸ ಅವಳಿಗಾಗಿ ಕಾದಿತ್ತು.

ಎರಡು ತಿಂಗಳ ಹಿಂದೆ, ಅಲ್ಲೇ ಹತ್ತಿರ ಏಳುತ್ತಿದ್ದ ಮೂವತ್ತು ಅಂತಸ್ತಿನ ಕಟ್ಟಡದ ಕೂಲಿ ಹೆಂಗಸರು ಗುಂಪಾಗಿ ಬಂದಿದ್ದರು. ಯಾದಗಿರಿ ಜಿಲ್ಲೆಯ ಎರಡು ಊರುಗಳವರು. ಮೇಸ್ತ್ರಿಯ ಜೊತೆ ತೆಲುಗು, ಅಂಗಡಿಯಲ್ಲಿ ಹಿಂದಿ ಎಂದು ಹೇಗೋ ನಿಭಾಯಿಸುತ್ತಿದ್ದವರಿಗೆ ಡಾಕ್ಟರಮ್ಮ ಕನ್ನಡದವಳೆಂದು ತಿಳಿದದ್ದೇ ತಡ, ಸುಸ್ತು, ತಲೆಸುತ್ತು, ಏಣಿ ಹತ್ತಿದರೆ ಉಬ್ಬಸ ಎಂದು ಇಪ್ಪತ್ತಮೂರು ಜನ ಸಾಲುಗಟ್ಟಿ ನಿಂತರು. ಶರ್ವರಿ ಎಲ್ಲರ ಬೆರಳಿನಿಂದ ಒಂದೊಂದು ಹನಿ ರಕ್ತ ತೆಗೆದು, ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದಲ್ಲಿ ಹಿಮೋಗ್ಲೋಬಿನ್ ನೋಡಿದಳು. ಹೆಂಗಸರಿಗೆ ಅದು ಹನ್ನೆರಡಾದರೂ ಇರಬೇಕು. ಹದಿನಾಲ್ಕು ಜನರಿಗೆ ಹನ್ನೊಂದಕ್ಕಿಂತ ಕಡಿಮೆಯಿತ್ತು. ಅವರಿಗೆ ದಿನಕ್ಕೆ ಎರಡರಂತೆ ಕಬ್ಬಿಣದ ಗುಳಿಗೆ. ಪದೇ ಪದೇ ಕೂಲಿ ಬಿಟ್ಟು ಬರಲಾಗದು ಎಂದು ಅರವತ್ತು ದಿನದ್ದನ್ನು ಒಮ್ಮೆಗೇ ಕೊಟ್ಟಳು. ಉಳಿದ ಒಂಬತ್ತು ಜನರಿಗೆ ಕೊರತೆ ಅಷ್ಟಾಗಿ ಇರಲಿಲ್ಲ. ಅವರಿಗೆ ಸೊಪ್ಪು, ಬೇಳೆ, ಬೆಲ್ಲ ತಿನ್ನಲು ಹೇಳಿ, ಎರಡು ತಿಂಗಳಾದ ಮೇಲೆ ನೋಡೋಣ ಎಂದಿದ್ದಳು. ಎಲ್ಲರ ಹೆಸರು, ವಯಸ್ಸು, ಅಂಕಿ ಒಂದು ನೋಟುಬುಕ್ಕಿನಲ್ಲಿತ್ತು.

ಈ ಮಂಗಳವಾರ ಇಪ್ಪತ್ತಮೂರು ಜನರೂ ತಪ್ಪದೆ ಬಂದರು. ಅವರನ್ನು ಕರೆತಂದವಳು ಯಂಕಮ್ಮ, ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು, ಗುಂಪಿಗೆ ಹಿರಿಯಳು. ಶರ್ವರಿ ಮತ್ತೆ ರಕ್ತ ನೋಡಿ ಅಂಕಿಗಳನ್ನು ಹಳೆಯವುಗಳ ಪಕ್ಕ ಬರೆದಳು. ಬರೆಯುತ್ತ ಬರೆಯುತ್ತ ಅವಳ ಹುಬ್ಬು ಗಂಟಾಯಿತು.

ಗುಳಿಗೆ ಕೊಟ್ಟವರಿಗೆ ಹತ್ತಿರ ಹತ್ತಿರ ಎರಡು ಅಂಕಿ ಏರಬೇಕಿತ್ತು. ಹದಿನಾಲ್ಕರಲ್ಲಿ ಹದಿಮೂರು ಜನರಿಗೆ ಸರಾಸರಿ ಸೊನ್ನೆ ಪಾಯಿಂಟ್ ಏಳು ಏರಿತ್ತು. ಗುಳಿಗೆ ಕೊಡದ ಒಂಬತ್ತು ಜನರಿಗೆ ಹೆಚ್ಚುಕಮ್ಮಿ ಅಷ್ಟೇ ಏರಿತ್ತು, ಸೊನ್ನೆ ಪಾಯಿಂಟ್ ಆರು. ಗುಳಿಗೆ ಕೊಟ್ಟವರಲ್ಲಿ ಹದಿನಾಲ್ಕನೆಯವಳು, ವಿಜಯಶ್ರೀ ಎಂಬ ಇಪ್ಪತ್ತೆರಡರ ಬಾಣಂತಿಗೆ ಮಾತ್ರ ಒಂದು ಪಾಯಿಂಟ್ ಒಂಬತ್ತು.

ಗುಳಿಗೆ ತೆಗೆದುಕೊಂಡಿರಾ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಹೌದೆಂದರು. ಬಿಟ್ಟುಬಿಟ್ಟು ತೆಗೆದುಕೊಂಡಿರಾ ಎಂದಳು. ಇಲ್ಲ, ಸಿಕ್ಕದ್ದೆಲ್ಲ ನುಂಗಿದೆವು ಎಂದರು. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ ಮಾತು, ಸುಳ್ಳೆನಿಸಲಿಲ್ಲ.

ದವಾಖಾನೆಯ ನರ್ಸ್ ಶಿವದೇವಿ ಹದಿನೆಂಟು ವರ್ಷದ ಅನುಭವಿ, ಜಹೀರಾಬಾದ್ ಕಡೆಯವಳು. ಅವಳಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. ಇಂಥವರು ಗುಳಿಗೆಯನ್ನು ಡಬ್ಬಿಯಲ್ಲಿಟ್ಟು ಮರೆಯುತ್ತಾರೆ, ‘ಸರಿಯಾಗಿ ಸೇವಿಸಿಲ್ಲ’ ಎಂದು ಬರೆದು ಮತ್ತೆರಡು ತಿಂಗಳದ್ದು ಕೊಟ್ಟು ಕಳಿಸಿದರಾಯಿತು, ಹೊರಗೆ ಇನ್ನೂ ನಲವತ್ತು ಜನ ಇದ್ದಾರೆ ಎಂದಳು. ತಪ್ಪು ಮಾತೇನಲ್ಲ. ಶರ್ವರಿ ಪೆನ್ನು ಎತ್ತಿಯೂ ಬಿಟ್ಟಳು. ಆದರೆ ಗುಳಿಗೆ ನುಂಗದಿದ್ದರೆ ಸೊನ್ನೆ ಪಾಯಿಂಟ್ ಏಳಾದರೂ ಏಕೆ ಏರಬೇಕು? ಕೊಡದವರಿಗೆ ಏಕೆ ಏರಬೇಕು? ಪೆನ್ನು ಕೆಳಗಿಟ್ಟಳು. ಹೊಸ ಗುಳಿಗೆ ಕೊಡಲು ಮುಂದಿನ ಮಂಗಳವಾರ ಬರಹೇಳಿ ಅವರನ್ನು ಕಳಿಸಿದಳು.

ಮುಂದಿನ ನಾಲ್ಕು ದಿನ ಅವಳು ಮನೆಯ ಫೈಲನ್ನು ಮರೆತೇಬಿಟ್ಟಳು.

ಬುಧವಾರ ಯಂತ್ರದ ಸರದಿ. ತನ್ನ ರಕ್ತವನ್ನೇ ಅದರಲ್ಲಿ ನೋಡಿದಳು, ಹನ್ನೆರಡು ಪಾಯಿಂಟ್ ಆರು. ಅದೇ ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದಳು, ಹನ್ನೆರಡು ಪಾಯಿಂಟ್ ಐದು. ಯಂತ್ರ ನಿರಪರಾಧಿ. ಗುರುವಾರ ಗುಳಿಗೆಗಳ ತಾರೀಖು ನೋಡಿದಳು. ಇನ್ನೂ ಒಂದೂವರೆ ವರ್ಷ ಬಾಳುವಂಥವು. ಶುಕ್ರವಾರ ಚಹಾದ ಮೇಲೆ ಅನುಮಾನ ಬಂತು. ಗುಳಿಗೆಯನ್ನು ಚಹಾದ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕೂಲಿಯವರಿಗೆ ದಿನದಲ್ಲಿ ಕೂರಲು ಸಿಗುವುದು ಚಹಾದ ಹೊತ್ತು ಮಾತ್ರ. ಇದೇ ಸರಿ ಎಂದು ಖುಷಿಯಾಗಿ ಒಂದು ಪುಟ ಬರೆದಳು. ಬರೆದು ಮುಗಿಸುವಾಗ ಒಂಬತ್ತು ಜನ ನೆನಪಾದರು. ಚಹಾ ಏರಿಕೆಯನ್ನು ತಡೆಯಬಹುದು, ಗುಳಿಗೆಯೇ ಇಲ್ಲದವರಿಗೆ ಏರಿಸಲಾರದು. ಪುಟದ ಮೇಲೆ ಅಡ್ಡಗೆರೆ ಎಳೆದಳು.

“ಮಂಗಳವಾರದಿಂದ ಈಕಿ ಅನ್ನಕ್ಕ ಸಾರು ಹಾಕ್ಕೊಳ್ಳೋದನ್ನೂ ಮರತಾಳ” ಎಂದು ಮಂದಾಕಿನಿ ಗಂಡನಿಗೆ ದೂರಿದರು. “ಫೈಲಿನ ಚಿಂತಿ ಇರಬೇಕು.”

ದತ್ತಾತ್ರೇಯರು ಫೈಲಿನ ಮೇಲೆ ‘ತುರ್ತು’ ಎಂಬ ಕೆಂಪು ಚೀಟಿ ಅಂಟಿಸಿದರು.

ಶನಿವಾರ ಶರ್ವರಿ, ನಾಳೆ ಕೂಲಿಯವರ ಶೆಡ್ಡುಗಳಿಗೆ ಹೋಗಿಬರುತ್ತೇನೆ, ಅವರು ಬದುಕುವುದು ಹೇಗೆಂದು ಕಣ್ಣಾರೆ ನೋಡದೆ ಇದು ಬಗೆಹರಿಯುವುದಿಲ್ಲ ಎಂದಳು. ಗುರುತು ಪರಿಚಯವಿಲ್ಲದ ಕಡೆ ಒಬ್ಬಳೇ ಹೋಗುವುದು ಬೇಡ ಎಂದು ಮಂದಾಕಿನಿ ತಾವೂ ಹೊರಟರು. ಬರಿಗೈಯಲ್ಲಿ ಹೇಗೆ ಹೋಗುವುದೆಂದು ಶೇಂಗಾ ಉಂಡಿ ಕಟ್ಟಿ ಒಂದು ಡಬ್ಬಿ ತುಂಬಿದರು. ಎಣಿಸಿ ಮೂವತ್ತು.

ಭಾನುವಾರ ಹತ್ತು ಗಂಟೆಗೆ ಕಟ್ಟಡದ ಹಿಂದಿನ ತಗಡಿನ ಶೆಡ್ಡುಗಳ ಸಾಲು ತಲುಪಿದಾಗ ಅಲ್ಲಿ ವಾರದ ಬಟ್ಟೆ ಒಗೆತ ನಡೆದಿತ್ತು. ಯಂಕಮ್ಮ ಕೈ ಒರೆಸಿಕೊಳ್ಳುತ್ತ ಬಂದು, ಸಿಮೆಂಟಿನ ಚೀಲ ಕೊಡವಿ ಹಾಸಿ ಇಬ್ಬರನ್ನೂ ಕೂರಿಸಿದಳು. ಅವಳ ಗಂಡ ಬೂದೆಪ್ಪ, ಡಾಕ್ಟರು ಮನೆಗೇ ಬಂದರೆಂದರೆ ಸೂಜಿ ಗ್ಯಾರಂಟಿ ಎಂದುಕೊಂಡವನಂತೆ ದೂರದ ನೀರಿನ ಟ್ಯಾಂಕಿನ ಹಿಂದೆ ನಿಂತು ನೋಡತೊಡಗಿದ.

ಮಂದಾಕಿನಿ ಡಬ್ಬಿ ಕೊಟ್ಟು, ಮನೆಯವರೆಲ್ಲ ತಿನ್ನಿರಿ ಎಂದರು.

ಯಂಕಮ್ಮ ಡಬ್ಬಿಯನ್ನು ತನ್ನ ಶೆಡ್ಡಿನೊಳಗೆ ಒಯ್ಯಲಿಲ್ಲ. ಅಂಗಳದ ನಡುವೆ ಒಂದು ಬಿಳಿ ಬಟ್ಟೆ ಹಾಸಿದಳು. ಯಾರೂ ಕೂಗಿ ಕರೆಯಲಿಲ್ಲ, ಆದರೂ ಶೆಡ್ಡಿಗೊಬ್ಬರಂತೆ ತಟ್ಟೆ ಹಿಡಿದು ಬಂದು ಸುತ್ತ ಕೂತರು. ಮೂವತ್ತು ಉಂಡಿಗಳನ್ನೂ ಅವಳು ಅಂಗೈಯಲ್ಲಿ ಒತ್ತಿ ಪುಡಿ ಮಾಡಿ ಒಂದೇ ರಾಶಿ ಹಾಕಿದಳು. ತಲೆ ಎಣಿಸಿದಳು. ಊರಿಗೆ ಹೋದವರ ಪಾಲು ಬೇರೆ ತೆಗೆದಿಟ್ಟಳು. ಮಕ್ಕಳ ಪಾಲು, ದೊಡ್ಡವರ ಪಾಲು, ಎಲ್ಲ ಒಂದೇ ಹಿಡಿ. ವಿಜಯಶ್ರೀಯ ತಟ್ಟೆಗೆ ಎರಡು ಹಿಡಿ ಹಾಕಿದಾಗ ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ, ನೀವೂ ಇಲ್ಲೇ ಇದ್ದೀರಲ್ಲ ಎಂದು ಮಂದಾಕಿನಿಗೂ ಶರ್ವರಿಗೂ ಒಂದೊಂದು ಹಿಡಿ ಕೊಟ್ಟಳು. ತಾವೇ ಕಟ್ಟಿ ತಂದ ಉಂಡಿಯ ಪುಡಿಯನ್ನು ಮಂದಾಕಿನಿ ಅಂಗೈಯಲ್ಲಿ ಹಿಡಿದು ನೋಡುತ್ತ ಕೂತರು.

ಶರ್ವರಿಯ ಕೈ ಬಾಯಿಗೆ ಹೋಗುವುದರಲ್ಲಿ ನಿಂತಿತು. ವಿಜಯಶ್ರೀಯ ತಟ್ಟೆಯನ್ನೇ ನೋಡುತ್ತಿದ್ದಳು.

“ಯಂಕಮ್ಮಾರ, ನಾ ಕೊಟ್ಟ ಗುಳಿಗಿನೂ ಹಿಂಗ ಪಾಲು ಹಾಕಿದ್ರೇನು?”

“ಹೌದಲ್ಲರಿ ಯವ್ವಾ.” ಯಂಕಮ್ಮನಿಗೆ ಇದೂ ಒಂದು ಕೇಳುವ ಮಾತೇ ಎನ್ನಿಸಿತು. “ಹದಿನಾಕು ಮಂದಿಗೆ ಕೊಟ್ರಿ. ಒಂದ ಸಾಲಿನಾಗ ಒಬ್ಬಾಕಿ ನುಂಗೂದು, ಬಾಜೂಕಿನಾಕಿ ನೋಡ್ಕೋಂತ ಕುಂದ್ರೂದು ಆಕ್ಕೈತೇನು? ಅಕ್ಕಿ ಬಂದ್ರೂ ಪಾಲು, ಉಳ್ಳಾಗಡ್ಡಿ ಬಂದ್ರೂ ಪಾಲು. ಊರು ಬಿಟ್ಟಾಗಿಂದ ಹಿಂಗ ನಡಸ್ಕೊಂಡು ಬಂದೀವಿ.”

ಶರ್ವರಿ ತಟ್ಟನೆ ಸುತ್ತ ನೋಡಿದಳು. ಅಂಗಳದ ತುಂಬ ಮಕ್ಕಳಿದ್ದರು. ಕಬ್ಬಿಣದ ಗುಳಿಗೆ ಮಕ್ಕಳಿಗೆ ಹೆಚ್ಚಾದರೆ ವಿಷ.

“ಕೂಸುಗಳಿಗೆ ಕೊಟ್ಟೀರೇನು? ಖರೇ ಹೇಳ್ರಿ.”

“ಇಲ್ಲರಿ, ಇಲ್ಲ. ಅದು ಭಾಳ ಗರ್ಮಿ ಗುಳಿಗಿ, ಕೂಸುಗಳಿಗೆ ಹೆಂಗ ಕೊಡ್ತೀವಿ? ಡಬ್ಬಿ ಮ್ಯಾಲ ತೊಲಿಗೆ ಕಟ್ಟೀನಿ ನೋಡ್ರಿ. ದೊಡ್ಡವರಿಗೇ ಅಷ್ಟ. ಗಂಡಸರಿಗೂ ಹಾಕೀನಿ. ಈ ಬೂದೆಪ್ಪ ಬ್ಯಾಡಂದಾ, ಬಾಯಿ ತುಂಬ ತುಕ್ಕು ಹಿಡದಂಗ ಆಕ್ಕೈತಂತ. ನುಂಗೂ ತನಕ ಮುಂದ ನಿಂತಿದ್ದೆ.”

ಟ್ಯಾಂಕಿನ ಹಿಂದಿನಿಂದ ಬೂದೆಪ್ಪ, ದಿನಾ ನಿಂತಿದ್ದಳು ಎಂದು ಸಾಕ್ಷಿ ನುಡಿದ. ಹೆಂಗಸರು ನಕ್ಕರು.

ಮಂದಾಕಿನಿ ಅಂಗೈಯ ಪುಡಿಯನ್ನು ಬಾಯಿಗೆ ಹಾಕಿಕೊಂಡು ಕೈ ಕೊಡವಿದರು. ತರಗತಿಯಲ್ಲಿ ಕಪ್ಪುಹಲಗೆಯ ಕಡೆ ತಿರುಗುವ ಮೊದಲು ಹಾಗೆ ಮಾಡುವುದು ಅವರ ಅಭ್ಯಾಸ.

“ಗುಳಿಗಿ ಒಟ್ಟು ಎಷ್ಟು ಕೊಟ್ಟಿದ್ದಿ?”

“ಒಬ್ಬೊಬ್ಬರಿಗೆ ನೂರಿಪ್ಪತ್ತು. ಹದಿನಾಲ್ಕು ಮಂದಿ.”

“ಸಾವಿರದ ಆರುನೂರಾ ಎಂಬತ್ತು. ಯಂಕಮ್ಮ, ದೊಡ್ಡವರು ಎಷ್ಟು ಮಂದಿ ಇದ್ದೀರಿ?”

“ಹೆಂಗಸರು ಇಪ್ಪತ್ತಮೂರು, ಗಂಡಸರು ಹತ್ತೊಂಬತ್ತು ರೀ ಅಮ್ಮಾರ. ಬಾಣಂತಿಗೆ ಎರಡು ಪಾಲು.”

“ಅಂದ್ರ ನಲವತ್ತಮೂರು ಪಾಲು.” ಮಂದಾಕಿನಿ ಕಣ್ಣು ಮುಚ್ಚಿದರು, ತುಟಿಗಳು ಅಲುಗಿದವು. “ಪಾಲಿಗೆ ಮೂವತ್ತೊಂಬತ್ತು. ಬಾಣಂತಿಗೆ ಎಪ್ಪತ್ತೆಂಟು. ಮೂರು ಉಳೀಬೇಕು.” ಕಣ್ಣು ತೆರೆದು ಯಂಕಮ್ಮನನ್ನು ನೋಡಿದರು. “ಮೂರು ಉಳದಿದ್ವೇನು?”

ಯಂಕಮ್ಮ ಬಾಯಿಬಿಟ್ಟು ಅವರನ್ನೇ ನೋಡಿದಳು. ಎದ್ದು ಶೆಡ್ಡಿನೊಳಗೆ ಹೋಗಿ, ತೊಲೆಗೆ ಕಟ್ಟಿದ್ದ ಬಿಸ್ಕತ್ತಿನ ಡಬ್ಬಿ ಬಿಚ್ಚಿ ತಂದು ಮುಚ್ಚಳ ತೆಗೆದಳು. ತಳದಲ್ಲಿ ಕತ್ತರಿಸಿದ ಪಟ್ಟಿಯ ತುಂಡೊಂದು ಇತ್ತು. ಅದರಲ್ಲಿ ಕೆಂಪು ಗುಳಿಗೆಗಳು ಮೂರು.

“ನಲವತ್ತಮೂರು ಪಾಲಿಗೆ ಮೂರು ಹೆಂಗ ಹಂಚಲಿ ಅಂತ ಇಟ್ಟಿದ್ದೆರಿ” ಎಂದಳು. “ನಿಮಗ ಯಾರು ಹೇಳಿದ್ರು?”

ಮಂದಾಕಿನಿ ಪಟ್ಟಿಯ ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ಇಪ್ಪತ್ತೆಂಟು ವರ್ಷ ಭಾಗಾಕಾರ ಕಲಿಸಿದವರು. ಶೇಷವನ್ನು ಡಬ್ಬಿಯ ತಳದಲ್ಲಿ ಕಣ್ಣಾರೆ ಕಂಡದ್ದು ಇದೇ ಮೊದಲು. ಅವರು ಮಗಳ ತೋಳು ಹಿಡಿದರು. ಶರ್ವರಿ ನಗುತ್ತಿದ್ದಳು. ಎರಡು ತಿಂಗಳ ಅವಳ ಲೆಕ್ಕ ಮಣ್ಣುಗೂಡಿತ್ತು. ಕೊಟ್ಟವರು, ಕೊಡದವರು ಎಂದು ಅವಳು ಎಳೆದಿದ್ದ ಗೆರೆ ಈ ಅಂಗಳದಲ್ಲಿ ಒಂದು ದಿನವೂ ಇರಲಿಲ್ಲ. ಚಹಾದ ಬಗ್ಗೆ ಬರೆದ ಪುಟವಂತೂ ಪೂರ್ತಿ ಹುಸಿ. ಆದರೂ ಅವಳಿಗೆ ಎದ್ದು ಓಡಾಡಬೇಕೆನ್ನಿಸುವಷ್ಟು ಖುಷಿಯಾಗಿತ್ತು. ಹದಿಮೂರು ಜನರ ಕಡಿಮೆ ಏರಿಕೆ, ಒಂಬತ್ತು ಜನರ ಹೆಚ್ಚಿನ ಏರಿಕೆ, ಒಬ್ಬಳ ಸರಿಯಾದ ಏರಿಕೆ, ಮೂರಕ್ಕೂ ಒಂದೇ ಕಾರಣ. ಆ ಕಾರಣ ತನ್ನೆದುರು ಬಟ್ಟೆ ಹಾಸಿ ಕೂತಿದೆ.

ಅಷ್ಟರಲ್ಲಿ ಒಂದು ಪ್ರಶ್ನೆ ಹುಟ್ಟಿತು. ಕೊಡಬೇಕಾದ್ದರ ಮೂರನೇ ಒಂದು ಭಾಗ ಗುಳಿಗೆಯಲ್ಲಿ ಸೊನ್ನೆ ಪಾಯಿಂಟ್ ಏಳು ಏರಿದೆ. ಅದು ಆ ಪಾಲಿನ ಲೆಕ್ಕಕ್ಕಿಂತ ಕಡಿಮೆಯೇನಲ್ಲ, ಒಂದಿಷ್ಟು ಹೆಚ್ಚೇ; ವಿಜಯಶ್ರೀಗಂತೂ ಮೂರನೇ ಎರಡು ಭಾಗದಲ್ಲೇ ಹೆಚ್ಚುಕಮ್ಮಿ ಪೂರ್ತಿ ಏರಿದೆ. ಹಾಗಾದರೆ ದಿನಕ್ಕೆ ಎರಡು ನಿಜವಾಗಿಯೂ ಬೇಕೇ? ಅವಳು ನೋಟುಬುಕ್ಕು ತೆಗೆದು ಅದನ್ನು ಬರೆದುಕೊಂಡಳು. ಆಮೇಲೆ ಡಾಕ್ಟರಾಗಿ ಮಾಡಬೇಕಾದ ಕೆಲಸಕ್ಕೆ ತಿರುಗಿದಳು.

ಹಂಚಬೇಡಿ ಎಂದರೆ ಇವರು ಕೇಳುವುದಿಲ್ಲ. ಹಾಗೆ ಹೇಳಲು ಅವಳಿಗೂ ಬಾಯಿ ಬರಲಿಲ್ಲ. ವಿಜಯಶ್ರೀಗೆ ಎರಡು ಪಾಲು ಹಾಕಿದ್ದು ಏಕೆಂದು ಯಂಕಮ್ಮನನ್ನು ಕೇಳಿದಳು.

“ಕೂಸಿಗೆ ಹಾಲು ಕುಡಸತಾಳಲ್ಲರಿ, ಆಕಿಗೆ ಬೇಕಲ್ಲ?”

“ಹಂಗಾದ್ರ ಹಿಂಗ ಮಾಡೂಣು. ಬರೋ ಮಂಗಳವಾರ ಗಂಡಸರನ್ನೂ ಕರಕೊಂಡು ಬರ್ರಿ. ಎಲ್ಲಾರ ರಕ್ತ ನೋಡ್ತೀನಿ. ಯಾರಿಗೆ ಎಷ್ಟು ಬೇಕು ಅನ್ನೋದು ನಾ ಹೇಳ್ತೀನಿ, ಪಾಲು ನೀವ ಹಾಕ್ರಿ. ಬ್ಯಾಡಾದವರಿಗೆ ಹಾಕಬ್ಯಾಡ್ರಿ, ಅವರಿಗೆ ಅದು ಪಾಲಲ್ಲ, ತ್ರಾಸು.”

ಯಂಕಮ್ಮ ತಲೆ ಓರೆ ಮಾಡಿ ಯೋಚಿಸಿದಳು. ಬಾಣಂತಿಯ ನಿಯಮವನ್ನೇ ಎಲ್ಲರಿಗೂ ಹಬ್ಬಿಸಿದ ಹಾಗಾಯಿತು ಎಂದು ಹೊಳೆದ ಮೇಲೆ ಒಪ್ಪಿದಳು. ಬೂದೆಪ್ಪನನ್ನು ತಾನೇ ಹಿಡಿದು ತರುವುದಾಗಿಯೂ ಹೇಳಿದಳು.

ಮಿಯಾಪುರದಿಂದ ಮೆಟ್ರೋ ಹತ್ತಿದಾಗ ತಾಯಿ ಮಗಳಿಗೆ ಎದುರುಬದುರು ಸೀಟು ಸಿಕ್ಕಿತು. ಶರ್ವರಿ ನೋಟುಬುಕ್ಕಿನಲ್ಲಿ ಪಾಲಿಗೂ ಏರಿಕೆಗೂ ಗೆರೆ ಎಳೆದು ನೋಡುತ್ತಿದ್ದಳು. ಮಂದಾಕಿನಿ ಬಾಗಿ ಇಣುಕಿದರು.

“ಎರಡು ಪಾಲು ತಿಂದಾಕಿ ಒಬ್ಬಾಕೀನೇ ಇದ್ದಾಳಲ್ಲ. ಒಂದು ಬಿಂದು ಹಿಡದು ಗೆರಿ ಹೆಂಗ ಎಳೀತಿ?”

“ಅದಕ್ಕೇ ಇನ್ನೂ ಮಂದಿ ಬೇಕು, ಅಮ್ಮಾ. ಬ್ಯಾರೆ ಬ್ಯಾರೆ ಪಾಲು ತಿಂದವರು. ಇದನ್ನ ಸರಿಯಾಗಿ ನೋಡಬೇಕಂದ್ರ ಎರಡು ಮೂರು ವರ್ಷಾದ್ರೂ ಬೇಕು.”

ಹೇಳಿದ ಮೇಲೆ ಅವಳಿಗೇ ಆ ಮಾತು ಕೇಳಿಸಿತು. ಆರು ವರ್ಷ ಎಂದಾಗಲೆಲ್ಲ ಅವಳ ಮನಸ್ಸಿನಲ್ಲಿ ಬರುತ್ತಿದ್ದದ್ದು ಒಂದು ಉದ್ದನೆಯ ಖಾಲಿ ಕಾರಿಡಾರು. ಈಗ ಅದರಲ್ಲಿ ಜನ ಇದ್ದರು, ತಟ್ಟೆ ಹಿಡಿದು ಕೂತಿದ್ದರು. ಭಯ ಹೋಗಿತ್ತೆಂದಲ್ಲ. ಹಳೆಯ ಕಾಲೇಜಿನ ಸೀಟಿಗಾಗಿ ಎರಡು ಸಲ ಪರೀಕ್ಷೆ ಬರೆದಿದ್ದಳು. ಮೂರು ವರ್ಷದಲ್ಲಿ ಗೆಳತಿಯರೆಲ್ಲ ದೊಡ್ಡ ಡಾಕ್ಟರಾಗಿರುತ್ತಾರೆ, ತಾನಿನ್ನೂ ವಿದ್ಯಾರ್ಥಿನಿಯಾಗಿಯೇ ಇರುತ್ತೇನೆ ಎಂಬ ಲೆಕ್ಕವೂ ಮುಂಚಿನಂತೆಯೇ ಇತ್ತು. ಆದರೆ ಈ ನಾಲ್ಕು ದಿನ ಹೇಗೆ ಕಳೆಯಿತೋ ಅವಳಿಗೆ ತಿಳಿದಿರಲಿಲ್ಲ. ಡಾಕ್ಟರಾಗಿರದಿದ್ದರೆ ಆ ಅಂಗಳಕ್ಕೆ ಅವಳು ಹೋಗುತ್ತಿರಲಿಲ್ಲ. ಬರೀ ಡಾಕ್ಟರಾಗಿದ್ದರೆ ಮಂಗಳವಾರವೇ ‘ಸರಿಯಾಗಿ ಸೇವಿಸಿಲ್ಲ’ ಎಂದು ಬರೆದು ಮುಗಿಸುತ್ತಿದ್ದಳು.

“ಅಮ್ಮಾ, ನಾ ಅದನ್ನ ತಗೋತೀನಿ. ಎರಡೂ ಇದ್ದದ್ದು.”

ನಿಲ್ದಾಣದಲ್ಲಿ ಇಳಿದು ಮೆಟ್ಟಿಲಿಗೆ ಬಂದಾಗ ಮಂದಾಕಿನಿ ಹೇಳಿದರು.

“ಮೂವತ್ತೊಂದಕ್ಕೇ ಮುಗಸಬೇಕು. ‘ಕನಿಷ್ಠ’ ಅನ್ನೋದು ನನ್ನ ಮುಂದ ನಡಿಯೂದಿಲ್ಲ.”

ಮನೆಗೆ ಬಂದ ಕೂಡಲೇ ಶರ್ವರಿ ಚಪ್ಪಲಿ ಬಿಟ್ಟವಳೇ ಸಂಸ್ಥೆಗೆ ಒಪ್ಪಿಗೆಯ ಉತ್ತರ ಬರೆದು ಕಳಿಸಿದಳು. ಎರಡು ವಾಕ್ಯ. ಸುದ್ದಿ ಕೇಳಿ ದತ್ತಾತ್ರೇಯರಿಗೆ ಸಂತೋಷವಾಯಿತು, ಜೊತೆಗೆ ಇಕ್ಕಟ್ಟೂ ಆಯಿತು. ಫೈಲು ಇನ್ನೂ ಚಲಾವಣೆಯಲ್ಲಿದೆ, ತಾವು ಇನ್ನೂ ಆದೇಶ ಬರೆದಿಲ್ಲ, ತೀರ್ಮಾನ ಮಾತ್ರ ಹೊರಟುಹೋಗಿದೆ. ಇಂಥದ್ದು ತಮ್ಮ ಸೇವಾವಧಿಯಲ್ಲಿ ಆಗಿರಲಿಲ್ಲ ಎಂದರು. ಮಂದಾಕಿನಿ ಅವರ ಕೈಯಿಂದ ಫೈಲು ತೆಗೆದುಕೊಂಡು, ತಮ್ಮ ಹಳೆಯ ಟಿಪ್ಪಣಿಯ ಕೆಳಗೆ ‘ಮರುಪರಿಶೀಲಿಸಲಾಗಿದೆ. ಆಕ್ಷೇಪಣೆ ಇಲ್ಲ’ ಎಂದು ಬರೆದರು. 31ರ ಕೆಳಗಿನ ಎರಡು ಗೆರೆಗಳನ್ನು ಹೊಡೆದುಹಾಕಲಿಲ್ಲ. ದತ್ತಾತ್ರೇಯರು ‘ಘಟನೋತ್ತರ ಮಂಜೂರಾತಿ ನೀಡಲಾಗಿದೆ’ ಎಂದು ಹಸಿರು ಶಾಯಿಯಲ್ಲಿ ಬರೆದು ದಾರ ಕಟ್ಟಿದರು.

ಮಂಗಳವಾರ ಬೂದೆಪ್ಪನೂ ಸೇರಿ ಹತ್ತೊಂಬತ್ತು ಗಂಡಸರ ರಕ್ತ ನೋಡಿದ್ದಾಯಿತು. ಏಳು ಜನರಿಗೆ ಕಡಿಮೆಯಿತ್ತು. ಶರ್ವರಿ ಬರೆದುಕೊಟ್ಟ ಪಟ್ಟಿಯನ್ನು ಯಂಕಮ್ಮ ಓದಿಸಿಕೊಂಡು, ಹೆಸರು ಹೆಸರಿಗೆ ಬೆರಳು ಮಡಚುತ್ತ ಬಾಯಿಪಾಠ ಮಾಡಿಕೊಂಡು ಹೋದಳು.

ಬುಧವಾರ ಶರ್ವರಿ ಸೀಟು ಬಿಟ್ಟುಕೊಡಲು ಹಳೆಯ ಕಾಲೇಜಿನ ಕಚೇರಿಗೆ ಹೋದಳು. ಗುಮಾಸ್ತರು ಐವತ್ತು ದಾಟಿದ ಶಿವಶರಣಪ್ಪ. ಅವಳು ಫೋನಿನಲ್ಲಿ ತಾಯಿಯೊಡನೆ ಆಡಿದ್ದನ್ನು ಕೇಳಿಸಿಕೊಂಡು, ಹಿಂದಿ ಬಿಟ್ಟು ಕನ್ನಡಕ್ಕೆ ಬಂದರು. ನಾರಾಯಣಖೇಡದ ಕಡೆಯವರಂತೆ. ನಮೂನೆಯಲ್ಲಿ ಸೀಟು ಬಿಡುವ ಕಾರಣ ಎಂಬ ಕಡೆ, ಹುಡುಗಿಯರ ವಿಷಯದಲ್ಲಿ ರೂಢಿಯಾಗಿ ಮಾಡುವಂತೆ, ‘ಮದುವೆ’ ಎಂಬುದಕ್ಕೆ ತಾವೇ ಗುರುತು ಹಾಕಿಬಿಟ್ಟಿದ್ದರು. ಶರ್ವರಿ ಅದನ್ನು ಹೊಡೆದುಹಾಕಿಸಿ ನಿಜವಾದ ಕಾರಣ ಹೇಳಿದಳು.

ಇಷ್ಟು ಒಳ್ಳೆಯ ಸೀಟು ಬಿಟ್ಟು ಆರು ವರ್ಷ ಓದುವವರನ್ನು ಅವರು ಕಂಡಿರಲಿಲ್ಲ. ಇನ್ನೂ ಯೋಚಿಸಿ, ಸಹಿಯಾದರೆ ಮುಗಿಯಿತು ಎಂದು ಎರಡು ಸಲ ಹೇಳಿದರು. ಶರ್ವರಿ ನಮೂನೆಯನ್ನು ಮೊದಲಿನಿಂದ ಇನ್ನೊಮ್ಮೆ ಓದಿದಳು. ಸಹಿ ಮಾಡಿದಳು. ಅವರು ಮೊಹರು ಒತ್ತಿ, ತಾರೀಖು ಬರೆದು, ಮೇಲೆ ನೋಡಿದರು.

“ಅಷ್ಟೆಲ್ಲಾ ಓದಿದ ಮ್ಯಾಲ ಪೇಶಂಟ್ ನೋಡ್ತೀರೋ, ಬರೀ ಬರಕೋಂತ ಕೂಡ್ತೀರೋ?”

“ನೋಡ್ತೀನ್ರಿ. ಈಗೂ ನೋಡ್ತೀನಿ.”

ಶಿವಶರಣಪ್ಪ ಅತ್ತಿತ್ತ ನೋಡಿ ಮೇಜಿನ ಖಾನೆ ಎಳೆದರು. ಅಡಿಯಿಂದ ಮಡಿಸಿದ ಒಂದು ರಿಪೋರ್ಟು, ಅರ್ಧ ಖಾಲಿಯಾದ ಒಂದು ಗುಳಿಗೆ ಪಟ್ಟಿ ಹೊರಬಂದವು. ಆರು ತಿಂಗಳಿಂದ ಬಿಡದೆ ತೆಗೆದುಕೊಳ್ಳುತ್ತಿದ್ದರೂ ಸಕ್ಕರೆ ಇಳಿಯುತ್ತಿಲ್ಲ, ಪ್ರತಿ ಸಲವೂ ಡಾಕ್ಟರು ಗುಳಿಗೆ ಬದಲಿಸುತ್ತಾರೆ ಎಂದರು.

ಶರ್ವರಿ ನಿಂತಲ್ಲೇ ರಿಪೋರ್ಟು ಓದಿದಳು. ಪಟ್ಟಿಯನ್ನು ತಿರುಗಿಸಿ ನೋಡಿದಳು.

“ಇದನ್ನ ಮನಿಯಾಗ ನೀವೊಬ್ಬರೇ ತಗೋತೀರೇನ್ರಿ?”

ಹಾಗೆಂದು ಅವರನ್ನು ಇದುವರೆಗೆ ಯಾವ ಡಾಕ್ಟರೂ ಕೇಳಿರಲಿಲ್ಲ. ಶಿವಶರಣಪ್ಪ ಉತ್ತರ ಕೊಡುವ ಮೊದಲು ಎದ್ದು ಪಕ್ಕದ ಮೇಜಿನ ಕುರ್ಚಿ ಎಳೆದು ತಂದು ಹಾಕಿದರು. ಶರ್ವರಿ ಕೂತು, ಚೀಲದಿಂದ ನೋಟುಬುಕ್ಕು ತೆಗೆದು, ಹೊಸ ಪುಟ ತೆರೆದಳು.